ಒಂದು ಟಿಕೆಟು, ಪಣಜಿಗೆ

“ಎಷ್ಟ್ ಟಿಕೆಟ್‌ರೀ ಅಜ್ಜಾರ?”

“ಒಂದು. ಪಣಜಿಗೆ.”

ಕಂಡಕ್ಟರ್ ನನ್ನ ಪಕ್ಕದ ಖಾಲಿ ಸೀಟು ನೋಡಿದ. ಹಿಂದಿನ ಸೀಟನ್ನೂ ನೋಡಿದ. “ಜೋಡಿ ಯಾರೂ ಇಲ್ಲೇನ್ರೀ?”

“ಇಲ್ಲಪಾ, ನಾ ಒಬ್ಬನ.”

ಟಿಕೆಟ್ ಹರಿದು ಕೊಟ್ಟನಾದರೂ ಜಾಂಬೋಟಿ ಬರುವ ತನಕ ಎರಡು ಸಲ ತಿರುಗಿ ನೋಡಿದ. ಮುದುಕ ಮನೆಯವರ ಜೊತೆ ಜಗಳಾಡಿ ಓಡಿ ಹೊರಟಿದ್ದಾನೆ ಅಂದುಕೊಂಡಿರಬೇಕು. ಅವನದೇನೂ ತಪ್ಪಿಲ್ಲ. ನನಗೀಗ 74 ವರ್ಷ. ಅಷ್ಟು ವರ್ಷಗಳಲ್ಲಿ ನಾನೊಬ್ಬನೇ ಊರು ನೋಡಲೆಂದು ಹೊರಟದ್ದು ಅದೇ ಮೊದಲು.

ಪ್ರವಾಸ ಮಾಡಿಲ್ಲವೆಂದಲ್ಲ. 36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಎಲ್‌ಎಫ್‌ಸಿ ಸಿಕ್ಕಾಗಲೆಲ್ಲ ಮಕ್ಕಳು ಮರಿ ಕಟ್ಟಿಕೊಂಡು ಕಾಶಿ, ರಾಮೇಶ್ವರ ಎಂದು ತಿರುಗಿದ್ದೇನೆ. ಆದರೆ ಆಗ ನನ್ನ ಕೆಲಸ ಲಗೇಜು ಎಣಿಸುವುದು. ತಾಜಮಹಲಿನ ಎದುರು ನಿಂತಾಗಲೂ “ಏಳು ಗಂಟಿನಾಗ ಆರೇ ಅದಾವಲ್ಲ!” ಎಂದು ಕೂಗಿದವನು ನಾನು. ಏಳನೆಯ ಗಂಟು ನನ್ನ ಹೆಗಲ ಮೇಲೇ ಇತ್ತು.

ಈ ಸಲದ ಹುಚ್ಚು ಹಿಡಿಸಿದವಳು ಏಳನೇ ಇಯತ್ತೆ ಓದುವ ಮೊಮ್ಮಗಳು. ಭೂಗೋಳದ ಪಾಠದಲ್ಲಿ ಮೆಡಿಟರೇನಿಯನ್ ಹವಾಮಾನ ಬಂದಿತ್ತು. ಬೇಸಿಗೆಯಲ್ಲಿ ಬಿಸಿಲು, ಚಳಿಗಾಲದಲ್ಲಿ ಮಳೆ, ದ್ರಾಕ್ಷಿ, ಕಿತ್ತಳೆ, ಆಲಿವ್. ಪಕ್ಕದಲ್ಲೊಂದು ಚಿತ್ರ: ಬಿಳಿ ಗೋಡೆ, ಕೆಂಪು ಹೆಂಚು, ಕೆಳಗೆ ನೀಲಿ ನೀರು. “ಅಜ್ಜಾ, ಇಂಥಾ ಊರಿಗೆ ಹೋಗೂಣೇನು?” ಎಂದಳು. ನನ್ನ ಹತ್ತಿರ ಪಾಸ್‌ಪೋರ್ಟಿಲ್ಲ. ಇದ್ದಿದ್ದರೂ ಪೆನ್ಶನ್ನಿನ ಹಣದಲ್ಲಿ ಯುರೋಪು ಆಗುವ ಮಾತಲ್ಲ. ಆದರೆ ಅಂಥದೊಂದು ಊರು ನಮ್ಮ ಬೆಳಗಾವಿಯಿಂದ ಬೆಳಿಗ್ಗೆ ಬಸ್ ಹತ್ತಿದರೆ ಊಟದ ಹೊತ್ತಿಗೆ ಸಿಗುತ್ತದೆ. ಪೋರ್ತುಗೀಸರು ಬಿಟ್ಟುಹೋದ ಪಣಜಿ. ಅವರ ಪೋರ್ತುಗಲ್ ಇರುವುದು ಅಟ್ಲಾಂಟಿಕ್ ದಂಡೆಯ ಮೇಲೆ. ಆದರೂ ಅವರ ಮನೆಗಳ ರೀತಿ, ಬಿಸಿಲು, ಮಧ್ಯಾಹ್ನದ ನಿದ್ದೆ ಎಲ್ಲ ಮೆಡಿಟರೇನಿಯನ್ ದೇಶಗಳದ್ದೇ.

ಅವಳಿಗೆ ಪರೀಕ್ಷೆ. ಮಗ ಸೊಸೆಗೆ ಆಫೀಸು. “ಹಂಗಾದ್ರ ನಾ ಒಬ್ಬನ ಹೋಗಿ ನೋಡಿ ಬಂದು ನಿನಗ ಹೇಳ್ತೀನಿ” ಎಂದೆ. ಮನೆಯಲ್ಲಿ ಗದ್ದಲವಾಯಿತು.

ಮಗನ ಭಯಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ಗಣಪತ ಗಲ್ಲಿಯಲ್ಲಿ ತರಕಾರಿ ಕೊಳ್ಳುತ್ತಾ ನಿಂತಾಗ ಸಕ್ಕರೆ ಇಳಿದು ಕುಸಿದು ಬಿದ್ದಿದ್ದೆ. ಯಾರೋ ಪುಣ್ಯಾತ್ಮರು ಚಹಾ ಕುಡಿಸಿ ಮನೆಗೆ ಮುಟ್ಟಿಸಿದರು. ಅವತ್ತಿನಿಂದ ನನಗೆ ಬೆಂಗಾವಲು. ಕ್ಷೌರಕ್ಕೆ ಹೋದರೂ ಬೆನ್ನಿಗೊಬ್ಬರು. ಪ್ರೀತಿಯಿಂದಲೇ ಮಾಡುತ್ತಾರೆ, ಅಲ್ಲಗಳೆಯುವುದಿಲ್ಲ. ಆದರೆ ನನ್ನ ವಯಸ್ಸಿನ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ನಾಲ್ಕು ಜನ ಸೇರಿ ಕಾಯತೊಡಗಿದರೆ ಮನುಷ್ಯನಿಗೆ ತಾನು ಆಗಲೇ ಅರ್ಧ ಹೋಗಿಯೇಬಿಟ್ಟೆನೇನೋ ಅನ್ನಿಸುತ್ತದೆ.

ಕೊನೆಗೆ ಕರಾರಾಯಿತು. ದಿನಕ್ಕೆ ಮೂರು ಫೋನು. ಜೇಬಿನಲ್ಲಿ ಹೆಸರು, ನಂಬರು, ಮಾತ್ರೆಗಳ ವಿವರ ಬರೆದ ಕಾರ್ಡು. ಎರಡು ರಾತ್ರಿ, ಅದಕ್ಕಿಂತ ಹೆಚ್ಚಿಲ್ಲ. ಮೊಮ್ಮಗಳು ತನ್ನದೂ ಒಂದು ಶರತ್ತು ಸೇರಿಸಿದಳು. ಇನ್ನೂರು ಪುಟದ ನೋಟುಬುಕ್ಕು ಕೊಟ್ಟು, “ಆದದ್ದೆಲ್ಲಾ ಬರೀಬೇಕು, ಅಜ್ಜಾ. ಏನೂ ಬಿಡೂ ಹಂಗಿಲ್ಲ” ಎಂದಳು.

ಹೀಗೆ ಫೆಬ್ರುವರಿಯ ಒಂದು ಬೆಳಿಗ್ಗೆ ಏಳು ಗಂಟೆಗೆ ಚೋರ್ಲಾ ಘಾಟಿನ ಬಸ್ಸಿನ ಕಿಟಕಿಯ ಪಕ್ಕ ಕುಳಿತೆ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಟೋಪಿ, ನೀರಿನ ಬಾಟಲಿ, ಮತ್ತು ಯಾರಿಗಾದರೂ ಕೊಡಲು ಬೇಕಾದೀತೆಂದು ಅರ್ಧ ಕಿಲೋ ಕುಂದಾ.

ನನಗೆ ಪಣಜಿಯೇ ಯಾಕೆ ಬೇಕಾಗಿತ್ತು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ನಾನು ಖಾನಾಪುರದಲ್ಲಿ ಹುಟ್ಟಿದವನು. ನಮ್ಮೂರ ಹೊಳೆ ಮಲಪ್ರಭಾ. ಅದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಪೂರ್ವಕ್ಕೆ ಹರಿದು, ಸವದತ್ತಿಯ ನವಿಲುತೀರ್ಥದ ಅಣೆಕಟ್ಟು ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅಲ್ಲಿಂದ ಅದರ ನೀರು ಬಂಗಾಳ ಕೊಲ್ಲಿಗೆ. ನನ್ನ ತಾಯಿಯ ತವರು ಅದೇ ತಾಲ್ಲೂಕಿನ ಭೀಮಗಡದ ಕಾಡಿನೊಳಗಿನ ಹಳ್ಳಿ. ಅಲ್ಲಿಯ ಹೊಳೆ ಮಹದಾಯಿ. ಅದು ದೇಗಾಂವ ಎಂಬ ಹಳ್ಳಿಯ ಹತ್ತಿರ ಹುಟ್ಟಿ ಪಶ್ಚಿಮಕ್ಕೆ ಇಳಿಯುತ್ತದೆ. ಎಂಬತ್ತು ಕಿಲೋಮೀಟರಿನ ಆಸುಪಾಸು ಹರಿದು ಪಣಜಿಯ ಹತ್ತಿರ ಅರಬ್ಬಿ ಸಮುದ್ರ ಸೇರುವಾಗ ಅದರ ಹೆಸರು ಮಾಂಡವಿ. ಮಕ್ಕಳೇ, ನಕಾಶೆ ತೆಗೆದು ನೋಡಿ: ಒಂದೇ ತಾಲ್ಲೂಕಿನ ಎರಡು ಹೊಳೆಗಳು ಒಂದಕ್ಕೊಂದು ಬೆನ್ನು ತಿರುಗಿಸಿ ಎರಡು ಬೇರೆ ಸಮುದ್ರಗಳಿಗೆ ಹೋಗುತ್ತವೆ. ಅಜ್ಜಿಯ ಊರಿನಲ್ಲಿ ನಾವು ಹಲಸಿನ ಎಲೆಯ ದೋಣಿ ಮಾಡಿ ನೀರಿಗೆ ಬಿಡುತ್ತಿದ್ದೆವು. “ಪಣಜಿಗೆ ಹೊಂಟ್ತು ನೋಡ್ರಿ” ಎಂದು ಸೋದರಮಾವ ಹೇಳುತ್ತಿದ್ದ. ದೋಣಿ ಮುಂದಿನ ಕಲ್ಲಿಗೆ ಸಿಕ್ಕಿ ನಿಲ್ಲುತ್ತಿತ್ತು, ಅದು ಬೇರೆ ಮಾತು.

ಈ ಮಹದಾಯಿಯ ನೀರಿಗಾಗಿ ಮೂರು ರಾಜ್ಯಗಳ ನಡುವೆ ತಕರಾರಿದೆ. 2010ರಲ್ಲಿ ನ್ಯಾಯಮಂಡಳಿ ರಚನೆಯಾಗಿ, 2018ರಲ್ಲಿ ತೀರ್ಪು ಬಂದು, ಇನ್ನೂ ಮುಗಿದಿಲ್ಲ. ಅದನ್ನು ಇಲ್ಲಿ ಎತ್ತುವುದಿಲ್ಲ. ನನಗೆ ಆ ನೀರು ಸಮುದ್ರಕ್ಕೆ ಸೇರುವ ಜಾಗ ನೋಡಬೇಕಿತ್ತು, ಅಷ್ಟೇ.

ನಾನು ಚಿಕ್ಕವನಿದ್ದಾಗ ಪಣಜಿ ಪರದೇಶ. ಹೌದು, ಗೋವಾ ಆಗ ಪೋರ್ತುಗೀಸರದು. ಲೋಂಡಾದ ಆಚೆ ಕ್ಯಾಸಲ್ ರಾಕ್‌ನಲ್ಲಿ ರೈಲು ನಿಲ್ಲಿಸಿ ಗಡಿ ತಪಾಸಣೆ ಮಾಡುತ್ತಿದ್ದ ಕಾಲ ಅದು. 1961ರ ಡಿಸೆಂಬರಿನಲ್ಲಿ, ನಾನು ಐದನೇ ಇಯತ್ತೆಯಲ್ಲಿದ್ದಾಗ, ಖಾನಾಪುರದ ರಸ್ತೆಯಲ್ಲಿ ಸೈನ್ಯದ ಲಾರಿಗಳು ಸಾಲುಗಟ್ಟಿ ಹೋದವು. ಮಾಸ್ತರರು ಶಾಲೆಯ ಹೊರಗೆ ನಿಲ್ಲಿಸಿ ಕೈ ಬೀಸಿಸಿದರು. ಸೈನ್ಯ ಬೆಳಗಾವಿಯಲ್ಲಿ ನೆರೆದು, ಒಂದು ತುಕಡಿ ಅನಮೋಡದ ಕಡೆಯಿಂದ ಗೋವಾಕ್ಕೆ ಇಳಿಯಿತು. ಡಿಸೆಂಬರ್ 19ಕ್ಕೆ ಗೋವಾ ನಮ್ಮದಾಯಿತು. ನಮಗೆ ಮಾತ್ರ ಅವತ್ತು ಶಾಲೆ ಬೇಗ ಬಿಟ್ಟದ್ದೇ ದೊಡ್ಡ ಸಂಗತಿ.

ಬಸ್ಸು ಕಣಕುಂಬಿ ದಾಟಿತು. ಮಲಪ್ರಭೆಯ ಉಗಮವಿರುವ ಮಾವುಲಿ ದೇವಸ್ಥಾನದ ಕಡೆಗೆ ಕುಳಿತಲ್ಲಿಂದಲೇ ಕೈ ಮುಗಿದೆ. ಮುಂದೆ ಚೋರ್ಲಾ ಘಾಟು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಅಷ್ಟನ್ನೂ ಬಸ್ಸು ತಿರುವು ತಿರುವಿನಲ್ಲಿ ಕಳೆದುಕೊಳ್ಳುತ್ತದೆ. ಕಿವಿ ಗಪ್ಪೆಂದು ಮುಚ್ಚಿತು, ಸ್ವೆಟರ್ ತೆಗೆದೆ, ಸಾಖಳಿಯ ಹೊತ್ತಿಗೆ ಬೆವರು. ದಾರಿಗುಂಟ ನಮ್ಮ ಕಡೆಯ ತರಕಾರಿ ಗಾಡಿಗಳು ಖಾಲಿಯಾಗಿ ವಾಪಸು ಹತ್ತುತ್ತಿದ್ದವು. ಗೋವಾದ ಒಲೆಯ ಮೇಲಿನ ಬದನೆಕಾಯಿ, ಕೋಸು ಬಹಳಷ್ಟು ಬೆಳಗಾವಿಯದೇ.

ಪಣಜಿಯ ಬಸ್ ನಿಲ್ದಾಣದ ಹೆಸರು ಕದಂಬ. ಗೋವಾದ ಸರ್ಕಾರಿ ಬಸ್ಸುಗಳ ಹೆಸರೂ ಕದಂಬ. ಇದನ್ನು ನೋಡಿ ಖಾನಾಪುರದವನಿಗೆ ಹೆಮ್ಮೆಯಾಗದೆ ಇರುತ್ತದೆಯೇ? ಕದಂಬರ ಎರಡನೆಯ ರಾಜಧಾನಿಯಾಗಿದ್ದ ಹಲಸಿ ನಮ್ಮ ತಾಲ್ಲೂಕಿನಲ್ಲೇ ಇದೆ, ಭೂವರಾಹ ನರಸಿಂಹನ ಗುಡಿಯ ಸಮೇತ. ಈ ಮಾತನ್ನು ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿದ್ದವರಿಗೂ ಹೇಳಿದೆ. ಅವರು “ಮುಂದಿನವರು” ಎಂದರು.

ಹೆಮ್ಮೆ ಇಳಿಯುವುದಕ್ಕೆ ಇನ್ನೂ ಒಂದು ಗಳಿಗೆ ಸಾಕಾಯಿತು. ಮೊದಲ ಲಾಡ್ಜಿನಲ್ಲಿ “ಎಷ್ಟು ಜನ?” ಎಂದರು. “ಒಬ್ಬ” ಎಂದ ತಕ್ಷಣ ಕೋಣೆಗಳೆಲ್ಲ ತುಂಬಿಹೋದವು. ಎರಡನೆಯದರಲ್ಲೂ ಅದೇ. ಅಲ್ಲಿಯ ಹುಡುಗ ಮರಾಠಿಯಲ್ಲಿ ಮೆಲ್ಲಗೆ ಕಾರಣ ಹೇಳಿದ. ವಯಸ್ಸಾದವರು ಒಬ್ಬರೇ ಬಂದರೆ ಮಾಲೀಕರಿಗೆ ಭಯವಂತೆ. ರಾತ್ರಿ ಏನಾದರೂ ಆದರೆ? ಅಥವಾ ಏನಾದರೂ ಮಾಡಿಕೊಂಡರೆ? ಬಿಸಿಲಿನಲ್ಲಿ ಚೀಲ ಹಿಡಿದು ನಿಂತು, ಇಷ್ಟು ವರ್ಷ ಜನರ ಸಹಿ ತಾಳೆ ನೋಡಿ ಹಣ ಕೊಟ್ಟ ನನ್ನ ಮುಖ ನೋಡಿ ಒಬ್ಬರೂ ನಂಬುತ್ತಿಲ್ಲವಲ್ಲ ಎಂದು ಗಂಟಲು ಕಟ್ಟಿತು. ಮೂರನೆಯ ಕಡೆ ಗಲ್ಲೆಯಲ್ಲಿದ್ದ ಹೆಂಗಸು ಆಧಾರ್ ಕಾರ್ಡು ನೋಡಿ, “ಕಾಕಾ, ನಿಮ್ಮ ಮಗನ ನಂಬರ್ ಕೊಡಿ” ಎಂದಳು. ನನ್ನೆದುರೇ ಫೋನು ಹಚ್ಚಿ, “ನಿಮ್ಮ ತಂದೆ ಒಬ್ಬರೇ ಬಂದಿದ್ದಾರೆ, ನಿಮಗೆ ಗೊತ್ತಿದೆಯಾ?” ಎಂದು ಹಿಂದಿಯಲ್ಲಿ ಕೇಳಿದಳು. ಶಾಲೆ ತಪ್ಪಿಸಿದ ಹುಡುಗನ ಹಾಗೆ ನಿಂತಿದ್ದೆ. ಮಗ ಏನು ಹೇಳಿದನೋ, ಆಕೆ ನಕ್ಕು ಬೀಗದ ಕೈ ಕೊಟ್ಟಳು. ನೆಲಮಹಡಿಯ ಕೋಣೆ. ಒಬ್ಬರೇ ಹೋಗುವ ಹಿರಿಯರಿಗೆ ನನ್ನದೊಂದು ಸಲಹೆ: ಮೊದಲೇ ಫೋನು ಮಾಡಿ, ಮನೆಯವರಿಂದ ಒಂದು ಮಾತು ಆಡಿಸಿಬಿಡಿ. ಅವಮಾನವೆಂದುಕೊಳ್ಳಬೇಡಿ. ನನಗೆ ಅರ್ಧ ದಿನ ಅವಮಾನವೆನಿಸಿತು, ಆಮೇಲೆ ಮರೆತೆ.

ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಪಣಜಿಯ ಹಳೆಯ ಅಂಗಡಿಗಳು ಬಾಗಿಲು ಎಳೆದು ಮಲಗಿಬಿಡುತ್ತವೆ. ಸ್ಪೇನ್, ಇಟಲಿ ಕಡೆಯ ಬಿಸಿಲೂರುಗಳಲ್ಲೂ ಹೀಗೇ. ನಾನೂ ಒಂದು ನಿದ್ದೆ ತೆಗೆದು, ಎದ್ದು ಪಟ್ಟೋದಲ್ಲಿರುವ ಕೇಂದ್ರ ಗ್ರಂಥಾಲಯಕ್ಕೆ ಹೋದೆ. 1832ರಲ್ಲಿ ಶುರುವಾದದ್ದು. ಕಟ್ಟಡ ಮಾತ್ರ ಹೊಸದು. ತಂಪು, ಕುರ್ಚಿ, ಕುಡಿಯುವ ನೀರು, ಶೌಚಾಲಯ. ಮುದುಕರ ಪ್ರವಾಸಕ್ಕೆ ಬೇಕಾದದ್ದೆಲ್ಲ ಒಂದೇ ಸೂರಿನಡಿ ಇದೆ. ಯಾವ ಪ್ರವಾಸಿ ಪುಸ್ತಕವೂ ಇದನ್ನು ಮೊದಲ ಪುಟದಲ್ಲಿ ಬರೆಯುವುದಿಲ್ಲ.

ಸಂಜೆ ಮಾಂಡವಿಯ ದಂಡೆಗೆ ಬಂದೆ. ಇಲ್ಲಿಂದ ಆಚೆ ದಡದ ಬೇತಿಮ್‌ಗೆ ಫೆರಿ ಬೋಟು. ಕಾರು, ಸ್ಕೂಟರು, ಮೀನಿನ ಬುಟ್ಟಿ, ಶಾಲೆಯ ಮಕ್ಕಳು ಎಲ್ಲ ಒಟ್ಟಿಗೇ ಹತ್ತುತ್ತಾರೆ. ನಡೆದು ಹೋಗುವವರಿಗೆ ಟಿಕೆಟ್ಟೇ ಇಲ್ಲ. ನೋಟುಬುಕ್ಕಿನಲ್ಲಿ “ಫೆರಿ, ಹೋಗಿ ಬಂದ ಖರ್ಚು: 0” ಎಂದು ಬರೆಯುವಾಗ ಆದ ಸುಖ ಬ್ಯಾಂಕಿನವರಿಗೇ ಗೊತ್ತು. ನಾಲ್ಕು ಸಲ ಹೋಗಿ ಬಂದೆ.

ದಡದ ಇಳಿಜಾರಿನ ಮೇಲೆ ಒದ್ದೆಯಾದ ಗೆರೆ ಕಾಣುತ್ತಿತ್ತು. ನೀರು ಇಳಿಯುತ್ತಿದೆ. ಮೊಮ್ಮಗಳಿಗೆಂದು ಇದನ್ನು ಗುರುತು ಹಾಕಿಕೊಂಡೆ. ಮೆಡಿಟರೇನಿಯನ್ ಸಮುದ್ರ ಬಹುತೇಕ ಸುತ್ತಲೂ ನೆಲವೇ ಇರುವ ದೊಡ್ಡ ಕೆರೆಯ ಹಾಗೆ. ಜಿಬ್ರಾಲ್ಟರಿನ ಕಿರಿದಾದ ಬಾಗಿಲೊಂದೇ ಅದಕ್ಕೆ ಅಟ್ಲಾಂಟಿಕ್ ಸಾಗರದ ದಾರಿ. ಅದಕ್ಕೇ ಅಲ್ಲಿ ಹೆಚ್ಚಿನ ಕಡೆ ಭರತ ಇಳಿತ ಒಂದಡಿಯೂ ಇರುವುದಿಲ್ಲ. ಅರಬ್ಬಿ ಸಮುದ್ರ ತೆರೆದ ಸಾಗರದ ಭಾಗ. ಪಣಜಿಯಲ್ಲಿ ದೊಡ್ಡ ಭರತದ ದಿನ ನೀರು ಆರು ಅಡಿಗೂ ಮಿಕ್ಕಿ ಏರಿ ಇಳಿಯುತ್ತದೆ. ಮಳೆಯೂ ಅಷ್ಟೇ, ತಿರುವುಮುರುವು. ಅಲ್ಲಿ ಬೇಸಿಗೆ ಒಣಗಿರುತ್ತದೆ, ಚಳಿಗಾಲದಲ್ಲಿ ಹನಿಯುತ್ತದೆ. ಇಲ್ಲಿ ಜೂನ್ ಬಂತೆಂದರೆ ಆಕಾಶವೇ ಹರಿದು ಬೀಳುತ್ತದೆ. ಮನೆಗಳು ಅಕ್ಕತಂಗಿಯರಂತೆ ಕಂಡರೂ ಹವಾಮಾನ ಸವತಿಯರದು.

ಎರಡನೆಯ ದಿನ ಬೆಳಿಗ್ಗೆ ಏಳಕ್ಕೆ ಫೊಂಟೇನ್ಯಾಸ್ ಎಂಬ ಹಳೆಯ ಕೇರಿಗೆ ಹೋದೆ. ಹಳದಿ, ನೀಲಿ, ಕಾವಿ ಬಣ್ಣದ ಮನೆಗಳು, ಚಿಕ್ಕ ಚಿಕ್ಕ ಬಾಲ್ಕನಿ. ಸೈಕಲ್ಲಿನ ಮೇಲೆ ಬುಟ್ಟಿ ಕಟ್ಟಿಕೊಂಡ ಪೊದೇರ್ ಪೋಂ ಪೋಂ ಎಂದು ಹಾರ್ನು ಒತ್ತುತ್ತಾ ಬಂದ. ಅವನಿಂದ ಬಿಸಿ ಪೊಯಿ ಬ್ರೆಡ್ಡು ಕೊಂಡು ಕಟ್ಟೆಯ ಮೇಲೆ ಕುಳಿತು ತಿಂದೆ. ನಮ್ಮ ರೊಟ್ಟಿಯ ಎದುರು ನಿಲ್ಲುವುದಿಲ್ಲ, ಆದರೆ ಹಸಿದಾಗ ಚೆನ್ನ. ಕೆಲವು ಹಳೆಯ ಕಿಟಕಿಗಳಲ್ಲಿ ಗಾಜಿನ ಬದಲು ತೆಳ್ಳನೆಯ ಚಿಪ್ಪುಗಳು. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಸಮುದ್ರದ ಚಿಪ್ಪನ್ನು ಕತ್ತರಿಸಿ ಮರದ ಚೌಕಟ್ಟಿಗೆ ಕೂಡಿಸುತ್ತಿದ್ದರು. ಬೆಳಕು ಬರುತ್ತದೆ, ಬಿಸಿಲು ಬರುವುದಿಲ್ಲ. ಮೇಲೆ ಹೆಂಚು ನೋಡಿದಾಗ ಮಾತ್ರ ನನಗೆ ಖಾನಾಪುರವೇ ನೆನಪಾಯಿತು. ನಮ್ಮೂರ ಕೆಂಪು ಮಣ್ಣಿನ ಹೆಂಚು, ಗಡಿಗೆಗಳಿಗೂ ಹೆಸರಿದೆ.

ನದಿಯ ಎದುರಿನ ಹಳೆಯ ಸೆಕ್ರೆಟೇರಿಯಟ್ ಕಟ್ಟಡ ಮೂಲದಲ್ಲಿ ನಮ್ಮ ವಿಜಯಪುರದ ಯೂಸುಫ್ ಆದಿಲ್ ಶಾಹನ ಅರಮನೆ. 1510ರಲ್ಲಿ ಅಲ್ಬುಕರ್ಕ್ ಆದಿಲ್ ಶಾಹಿಗಳಿಂದ ಗೋವಾ ಕಸಿದುಕೊಂಡ. ಅದರ ಪಕ್ಕದಲ್ಲೇ ಒಂದು ವಿಚಿತ್ರ ಪ್ರತಿಮೆ: ಪಾದ್ರಿಯೊಬ್ಬ ಕೈ ಚಾಚಿ ನಿಂತಿದ್ದಾನೆ, ಕೆಳಗೆ ಹೆಂಗಸೊಬ್ಬಳು ಮೂರ್ಛೆ ಹೋದಂತೆ ಒರಗಿದ್ದಾಳೆ. ಅವನು ಅಬ್ಬೆ ಫಾರಿಯಾ. 1756ರಲ್ಲಿ ಗೋವಾದ ಕಾಂದೋಳಿಯಲ್ಲಿ ಹುಟ್ಟಿ ಲಿಸ್ಬನ್, ರೋಮ್, ಪ್ಯಾರಿಸ್ ಸೇರಿದವನು. ಜನರನ್ನು ಸಂಮೋಹನ ನಿದ್ದೆಗೆ ಒಯ್ಯುವ ವಿದ್ಯೆಯನ್ನು ಮಂತ್ರವಲ್ಲ, ಮನಸ್ಸಿನದೇ ಕೆಲಸ ಎಂದು ಮೊದಲು ತಿಳಿಸಿ ಹೇಳಿದವರಲ್ಲೊಬ್ಬ. ಫ್ರೆಂಚ್ ಕಾದಂಬರಿಕಾರ ಅಲೆಕ್ಸಾಂಡ್ರ ಡ್ಯೂಮಾ “ಕೌಂಟ್ ಆಫ್ ಮಾಂಟೆ ಕ್ರಿಸ್ಟೋ” ಎಂಬ ಕಥೆಯಲ್ಲಿ ಇವನ ಹೆಸರನ್ನೇ ಒಬ್ಬ ಕೈದಿಗೆ ಇಟ್ಟ. ಆ ಕೈದಿ ಇರುವ ಸೆರೆಮನೆ ಮಾರ್ಸೇ ಪಟ್ಟಣದೆದುರಿನ ದ್ವೀಪದಲ್ಲಿದೆ. ಮಾರ್ಸೇ ಇರುವುದು ಮೆಡಿಟರೇನಿಯನ್ ದಂಡೆಯ ಮೇಲೆ! ಮೊಮ್ಮಗಳ ಪಾಠಕ್ಕೆ ಇಲ್ಲೊಂದು ಗಂಟು ಬಿತ್ತು.

ಚರ್ಚಿನ ಬಿಳಿ ಮೆಟ್ಟಿಲುಗಳನ್ನು ತಿರುವಿಗೊಮ್ಮೆ ನಿಂತು ಹತ್ತಿದೆ. ಗುಂಪಿನಲ್ಲಿ ಬಂದಿದ್ದರೆ “ಬೇಗ ಬರ್ರಿ” ಎಂದು ಯಾರಾದರೂ ಅನ್ನುತ್ತಿದ್ದರು. ಒಬ್ಬನೇ ಇದ್ದೆನಲ್ಲ, ನನ್ನ ಮೊಣಕಾಲು ಹೇಳಿದ್ದೇ ವೇಳಾಪಟ್ಟಿ.

ಹೀಗೆ ಎಲ್ಲ ಸರಿಯಾಗಿ ನಡೆದಾಗಲೇ ಮನುಷ್ಯನಿಗೆ ಜಂಬ ಬರುವುದು. ಇನ್ನೊಮ್ಮೆ ಫೆರಿ ಹತ್ತಿ ಇಳಿದೆ. ನದಿ ಸಮುದ್ರ ಸೇರುವ ಮಿರಾಮಾರ್ ಮೂರೇ ಕಿಲೋಮೀಟರು, ನಡೆದೇ ಹೋಗೋಣ ಎಂದುಕೊಂಡೆ. ಗಂಟೆ ಹನ್ನೊಂದೂವರೆ. ಹೊಟ್ಟೆಗೆ ಬಿದ್ದದ್ದು ಬೆಳಗಿನ ಬ್ರೆಡ್ಡು ಮಾತ್ರ. ಕಾಂಪಾಲಿನ ಮರಗಳ ಸಾಲು ಇರುವ ತನಕ ಸರಿಯಿತ್ತು. ನೆರಳು ಮುಗಿದ ಮೇಲೆ ನೀರು ಕುಡಿಯೋಣವೆಂದು ಚೀಲಕ್ಕೆ ಕೈ ಹಾಕಿದರೆ ಬಾಟಲಿ ಇಲ್ಲ. ಫೆರಿಯ ಬೆಂಚಿನ ಮೇಲೆ ಬಿಟ್ಟು ಬಂದಿದ್ದೆ.

ಮಿರಾಮಾರ್ ತಲುಪುವ ಹೊತ್ತಿಗೆ ಕೈ ನಡುಗುತ್ತಿತ್ತು. ತಣ್ಣನೆಯ ಬೆವರು. ಮರಳು, ಸಮುದ್ರ, ತೆಂಗು ಎಲ್ಲ ಬಿಳಿಯಾಗಿ ಕಲಸಿಹೋದವು. ಗಣಪತ ಗಲ್ಲಿಯ ಅದೇ ಗುರುತು. ನೆಲಕ್ಕೆ ಬೀಳುವ ಮುಂಚೆ ಕೂರಬೇಕೆಂಬಷ್ಟು ಬುದ್ಧಿ ಉಳಿದಿತ್ತು. ಒಂದು ಮರದ ಬುಡಕ್ಕೆ ಕುಸಿದು ಕುಳಿತೆ.

“ಯಪ್ಪಾ, ಏನಾತು?”

ಕನ್ನಡ! ಕಸಬರಿಗೆ ಹಿಡಿದ ನಡುವಯಸ್ಸಿನ ಹೆಂಗಸು. ಉದ್ಯಾನದ ಎಲೆ ಗುಡಿಸುತ್ತಿದ್ದವಳು. ನಾನು ಗಾಬರಿಯಲ್ಲಿ “ಅಯ್ಯೋ ದೇವರೇ” ಎಂದದ್ದು ಆಕೆಗೆ ಕೇಳಿಸಿತ್ತಂತೆ. “ಸಕ್ಕರಿ... ಚೀಲದಾಗ” ಎಂದೆ. ಆಕೆ ಚೀಲ ಬಿಚ್ಚಿ ನಮ್ಮ ಬೆಳಗಾವಿ ಕುಂದಾದ ಡಬ್ಬಿ ತೆಗೆದಳು. ಸಕ್ಕರೆ ರೋಗವಿದ್ದವನು ಎರಡು ವರ್ಷದಿಂದ ಮುಟ್ಟದ ಕುಂದಾವನ್ನು ಸಮುದ್ರದೆದುರು ಅಪರಿಚಿತಳ ಕೈಯಿಂದ ತಿಂದೆ. ತನ್ನ ಬಾಟಲಿಯ ನೀರು ಕುಡಿಸಿದಳು. ಹತ್ತು ಹದಿನೈದು ನಿಮಿಷದಲ್ಲಿ ಮರಳು ಮರಳಾಯಿತು, ನೀರು ನೀರಾಯಿತು. ಸಕ್ಕರೆ ಇಳಿದಾಗ ಮೊದಲು ಸಿಹಿ, ಆಮೇಲೆ ಹೊಟ್ಟೆಗೆ ಏನಾದರೂ ಗಟ್ಟಿ. ಮಾತ್ರೆ ತೆಗೆದುಕೊಳ್ಳುವವರು ಬಿಸಿಲಿನಲ್ಲಿ ಉಪವಾಸ ನಡೆಯಲೇಬಾರದು. ಇದೆಲ್ಲ ನನಗೆ ಗೊತ್ತಿದ್ದದ್ದೇ. ಗೊತ್ತಿದ್ದೂ ಮಾಡಿದೆ.

ಆಕೆಗೂ ಕುಂದಾ ಕೊಟ್ಟೆ. “ಯಾವೂರಿಂದ ಬಂದೀ ತಂಗಿ?” ಎಂದರೆ ಸವದತ್ತಿಯ ಕಡೆಯವಳು. ಒಣ ಹೊಲ, ಕೂಲಿಗೆಂದು ಗಂಡನ ಜೊತೆ ಬಂದು ಒಂಬತ್ತು ವರ್ಷ. ಮಕ್ಕಳು ಊರಲ್ಲಿ ಅಜ್ಜಿಯ ಹತ್ತಿರ. “ಮಲಪ್ರಭಾದ ನೀರು ಕುಡದಾಕಿ ನೋಡ್ರೀ ನಾ. ಇಲ್ಲಿ ನೀರು ಇನ್ನೂ ಒಗ್ಗವಲ್ದು” ಎಂದಳು.

ನಾನು ಮುಂದೆ ಬೆರಳು ತೋರಿಸಿದೆ. ಎಡಕ್ಕೆ ತೆರೆದ ಸಮುದ್ರ. ಬಲಕ್ಕೆ ಮಾಂಡವಿಯ ಅಗಲವಾದ ಬಾಯಿ, ಅದರಾಚೆ ಆಗ್ವಾದದ ಗುಡ್ಡ. ಬರುತ್ತಿದ್ದ ಅಲೆಗೆ ನದಿಯ ನೀರು ಅಡ್ಡ ಬಿದ್ದು ಅಲ್ಲಲ್ಲಿ ಸುಕ್ಕುಗಟ್ಟುತ್ತಿತ್ತು. “ಈ ಹೊಳಿ ಹುಟ್ಟೂದು ನಮ್ಮ ಖಾನಾಪುರ ತಾಲೂಕಿನಾಗ. ನಿಮ್ಮ ಮಲಪ್ರಭಾ ಹುಟ್ಟೂದೂ ಅಲ್ಲೇ.”

ಆಕೆ ಸ್ವಲ್ಪ ಹೊತ್ತು ನೀರನ್ನೇ ನೋಡಿದಳು. “ದಿನಾ ಇದರ ಮುಂದ ಕಸಾ ಹೊಡೀತೀನ್ರಿ. ಇದೂ ನಮ್ಮ ಕಡೀದ ಅಂತ ಯಾರೂ ಹೇಳೇ ಇಲ್ಲ. ಹಂಗಾದ್ರ ಎರಡೂ ಒಂದ ತವರಿನವು.”

ಆಗಲೇ ಮಗನ ಫೋನು. ಮಧ್ಯಾಹ್ನದ ಹಾಜರಿ. “ಎಲ್ಲಾ ಛಲೋ ಐತಿ. ಸಮುದ್ರ ನೋಡಾಕತ್ತೀನಿ” ಎಂದೆ. ಆಕೆ ನನ್ನ ಮುಖ ನೋಡಿ ಏನೂ ಅನ್ನಲಿಲ್ಲ. ಬಸ್ಸು ಬರುವ ತನಕ ಪಕ್ಕದಲ್ಲೇ ನಿಂತು, ಹತ್ತಿಸಿ, ಕಂಡಕ್ಟರನಿಗೆ ಕೊಂಕಣಿಯಲ್ಲಿ ಏನೋ ಹೇಳಿದಳು. ಅವನು ಲಾಡ್ಜಿನ ಹತ್ತಿರವೇ ಬಸ್ಸು ನಿಲ್ಲಿಸಿದ.

ಊಟ ಮಾಡಿ ಮಲಗಿ, ಸಂಜೆ ಮತ್ತೆ ಮಿರಾಮಾರಿಗೆ ಹೋದೆ, ಬಸ್ಸಿನಲ್ಲೇ. ಆಕೆ ಇರಲಿಲ್ಲ, ಪಾಳಿ ಮುಗಿದಿರಬೇಕು. 1984ರಲ್ಲಿ ಬ್ಯಾಂಕಿನವರೆಲ್ಲ ಸೇರಿ ಒಂದು ದಿನದ ಟ್ರಿಪ್ಪಿಗೆ ಇಲ್ಲಿಗೇ ಬಂದಿದ್ದೆವು. ನಲವತ್ತು ಜನ, ಎರಡು ಪಾತೇಲಿ ಚಿತ್ರಾನ್ನ, ಓಡಿಹೋಗುವ ಮಕ್ಕಳು. ಹೊರಡುವಾಗ ನನ್ನ ಹೆಂಡತಿ, “ಒಂದ್ ಗಳಿಗಿ ಸುಮ್ನ ಕೂತು ಸಮುದ್ರ ನೋಡಲಿಕ್ಕೆ ಆಗಲಿಲ್ಲ ನೋಡ್ರಿ” ಎಂದಿದ್ದಳು. ಆಕೆ ಹೋಗಿ ಈಗ ಮೂರು ವರ್ಷ. ಸೂರ್ಯ ಪೂರಾ ಮುಳುಗುವ ತನಕ ಸುಮ್ಮನೆ ಕುಳಿತಿದ್ದೆ.

ರಾತ್ರಿ ನೋಟುಬುಕ್ಕು ತೆರೆದೆ. ಬ್ರೆಡ್ಡು, ಬಸ್ಸು, ಊಟ ಎಲ್ಲ ಬರೆದೆ. ಹನ್ನೆರಡು ಗಂಟೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಬರೆದರೆ ಇನ್ನು ಮುಂದೆ ಒಬ್ಬನೇ ಮೂಲೆಯ ಅಂಗಡಿಗೂ ಹೋಗುವ ಹಾಗಿಲ್ಲ. ಬರೆಯದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಫೋನಿನಲ್ಲಿ ಹೇಗೂ ಸುಳ್ಳು ಹೇಳಿಯಾಗಿತ್ತು.

ಬ್ಯಾಂಕಿನಲ್ಲಿ ಕಂಪ್ಯೂಟರು ಬರುವ ಮುಂಚೆ ಸಂಜೆ ಲೆಕ್ಕ ತಾಳೆಯಾಗದಿದ್ದರೆ ಯಾರೂ ಮನೆಗೆ ಹೋಗುವ ಹಾಗಿರಲಿಲ್ಲ. ಡಿಫರೆನ್ಸ್ ಎಷ್ಟೇ ಚಿಕ್ಕದಿರಲಿ, ರಾತ್ರಿ ಒಂಬತ್ತಾಗಲಿ, ಹುಡುಕಲೇಬೇಕು. ಒಮ್ಮೆ ಹನ್ನೊಂದು ರೂಪಾಯಿಗಾಗಿ ಹಿಂಗೇ ಕುಳಿತಾಗ ನಾನು “ಜೇಬಿನಿಂದ ಹಾಕಿಬಿಡೂಣಲ್ರೀ ಸಾಹೇಬ್ರ” ಎಂದಿದ್ದೆ. “ರೊಕ್ಕಾ ಕೂಡ್ತದ, ತಪ್ಪು ಅಲ್ಲೇ ಉಳೀತದ” ಎಂದರು ಹೆಡ್ ಕ್ಲರ್ಕ್. ತಪ್ಪು ನನ್ನದೇ ಪುಟದಲ್ಲಿ ಸಿಕ್ಕಿತ್ತು.

ಬರೆದೆ. “ಮಧ್ಯಾಹ್ನ 12.40. ತಲೆ ಸುತ್ತಿತು. ನೀರಿನ ಬಾಟಲಿ ಫೆರಿಯಲ್ಲಿ ಮರೆತದ್ದು, ತಿನ್ನದೆ ನಡೆದದ್ದು ಕಾರಣ. ಸವದತ್ತಿಯ ತಂಗಿ ಉಳಿಸಿದಳು. ಫೋನಿನಲ್ಲಿ ಹೇಳಿದ್ದು ಸುಳ್ಳು.”

ಮೂರನೆಯ ದಿನ ವಾಸ್ಕೋದಿಂದ ಮಧ್ಯಾಹ್ನದ ರೈಲು. ಬಲಗಡೆಯೋ ಎಡಗಡೆಯೋ ಎಂದು ಕೇಳುವ ಮಕ್ಕಳಿಗೆ: ದೂಧಸಾಗರದ ಹತ್ತಿರ ಇಡೀ ಡಬ್ಬಿಯೇ ಒಂದು ಬದಿಗೆ ಓಡುತ್ತದೆ, ನೀವೂ ಓಡಿ. ಕುಳೆಯಲ್ಲಿ ರೈಲಿನ ಹಿಂದೆ ಬೇರೆ ಇಂಜಿನ್ನುಗಳನ್ನು ಜೋಡಿಸುತ್ತಾರೆ. ಅಲ್ಲಿಂದ ಕ್ಯಾಸಲ್ ರಾಕ್ ತನಕ ಪ್ರತಿ 37 ಅಡಿಗೆ ಒಂದಡಿ ಏರು. ಹಿಂದಿನಿಂದ ನೂಕದಿದ್ದರೆ ಹತ್ತುವುದಿಲ್ಲ. ಫೆಬ್ರುವರಿಯಾದ್ದರಿಂದ 310 ಮೀಟರಿನ ಜಲಪಾತ ಬಿಳಿ ದಾರದ ಹಾಗಿತ್ತು. ಆ ನೀರೂ ಕೊನೆಗೆ ಮಾಂಡವಿಗೇ. ಲೋಂಡಾ ಬಂತು, ಕತ್ತಲಲ್ಲಿ ಖಾನಾಪುರದ ದೀಪಗಳು ಹೋದವು, ಬೆಳಗಾವಿಯಲ್ಲಿ ಮಗ ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದ.

ಊಟವಾದ ಮೇಲೆ ಮೊಮ್ಮಗಳು ನೋಟುಬುಕ್ಕು ಗಟ್ಟಿಯಾಗಿ ಓದತೊಡಗಿದಳು. ಕದಂಬ ಬಸ್ಸಿಗೆ ನಕ್ಕಳು, ಫಾರಿಯಾನ ಹತ್ತಿರ ನಿಂತು ಎರಡು ಸಲ ಓದಿದಳು. “ಮಧ್ಯಾಹ್ನ 12.40” ಎಂದವಳೇ ದನಿ ಇಳಿಸಿ ಅಪ್ಪನ ಕಡೆ ನೋಡಿದಳು. ಮಗ ಕೈ ಚಾಚಿ ಪುಸ್ತಕ ತೆಗೆದುಕೊಂಡ. ಆ ನಾಲ್ಕು ಸಾಲು ಓದಲು ಅಷ್ಟು ಹೊತ್ತು ಬೇಕಿರಲಿಲ್ಲ. ನಾನು ತಾಟಿನಲ್ಲಿ ಬೆರಳಾಡಿಸುತ್ತಾ ಕುಳಿತಿದ್ದೆ. ಕೊನೆಗೆ ಅವನು ಕೇಳಿದ್ದು ಒಂದೇ ಮಾತು.

“ಆ ತಂಗಿಯ ನಂಬರ್ ತಗೊಂಡೀಯೇನಪ್ಪಾ?”

ತೆಗೆದುಕೊಂಡಿರಲಿಲ್ಲ. ಹೆಸರನ್ನೂ ಕೇಳಿರಲಿಲ್ಲ. ಇಡೀ ಪ್ರವಾಸದಲ್ಲಿ ನನಗಾದ ದೊಡ್ಡ ತಪ್ಪು ಅದೇ ಎಂದು ಆಗ ಹೊಳೆಯಿತು.

ಮುಂದಿನ ರವಿವಾರ ಮಗ ಪೇಟೆಯಿಂದ ಹೆಗಲಿಗೆ ತೂಗುಹಾಕುವ ನೀರಿನ ಬಾಟಲಿ ತಂದ, ಬಾಲವಾಡಿಯ ಮಕ್ಕಳು ಒಯ್ಯುವಂಥದು. ಮೊಮ್ಮಗಳು ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ನನ್ನ ಹೆಸರು ಬರೆದು, ಕೆಳಗೆ “ಇಯತ್ತೆ 7” ಎಂದು ಸೇರಿಸಿದಳು. ನೋಟುಬುಕ್ಕಿನ ಮುಂದಿನ ಪುಟಕ್ಕೆ ಈಗಾಗಲೇ ತಲೆಬರಹವಿದೆ: ಕೂಡಲಸಂಗಮ, ಮಲಪ್ರಭಾ ನೀರು ನೋಡುವುದು, ದಾರಿಯಲ್ಲಿ ಸವದತ್ತಿ. “ಜನ: 1” ಎಂದು ನಾನು ಬರೆದಿದ್ದೇನೆ. ಅದರ ಪಕ್ಕದಲ್ಲಿ ಮಗನ ಅಕ್ಷರ: “ಫೋನು: 5 ಸಲ. ಕುಂದಾ: 1 ಕಿಲೋ.”